ಶೂ ಡಬ್ಬದಿಂದ ಪರಮಾಣುವಿನ ಶಕ್ತಿಮಟ್ಟಗಳವರೆಗೆ: ಮನೆಯಲ್ಲೇ ರೋಹಿತ ನೋಡಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಬಿದ್ದಿದ್ದನ್ನು ನೀವು ನೋಡಿರುತ್ತೀರಿ. ನೀಲಿ ಉರಿ ಚಟಚಟ ಅನ್ನುತ್ತಾ ಒಂದೆರಡು ಕ್ಷಣ ಹಳದಿಯಾಗಿ, ಮತ್ತೆ ನೀಲಿಗೆ ಬರುತ್ತದೆ. ಆ ಹಳದಿ ಬರುವುದು ಸಾರಿನಲ್ಲಿರುವ ಉಪ್ಪಿನಿಂದ. ಉಪ್ಪಿನಲ್ಲೂ ಸೋಡಿಯಂ ಪರಮಾಣುವಿನಿಂದ. ಆ ಪರಮಾಣುವಿನಲ್ಲೂ ತೀರಾ ಹೊರಗಡೆ ಇರುವ ಒಂದೇ ಒಂದು ಎಲೆಕ್ಟ್ರಾನಿನಿಂದ. ಪರಮಾಣು ರಚನೆಯ ಪಾಠವನ್ನು ಇಲ್ಲಿಂದ ಶುರು ಮಾಡಿದರೆ ತಲೆಗೆ ಬೇಗ ಹತ್ತುತ್ತದೆ ಅನ್ನುವುದು ನನ್ನ ಅನುಭವ.

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಲೈಮನ್, ಬಾಮರ್, ಪಾಶನ್ ಅಂತ ಹೈಡ್ರೋಜನ್ ಬೆಳಕಿನ ಗೆರೆಗಳ ಶ್ರೇಣಿಗಳ (ಗುಂಪುಗಳ) ಹೆಸರನ್ನು ಮಕ್ಕಳು ಪಟಪಟ ಅಂತ ಹೇಳುತ್ತಾರೆ. ಆದರೆ "ಹೈಡ್ರೋಜನ್ನಿನ ಕೆಂಪು ಗೆರೆ ಎಲ್ಲಿಂದ ಬಂತು?" ಅಂತ ಕೇಳಿದರೆ, "ಮೂರನೇ ಮಟ್ಟದಿಂದ ಸಾರ್" ಅನ್ನುತ್ತಾರೆ. ಅರ್ಧ ಉತ್ತರ ಅದು. ಮಟ್ಟ ಅಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರಬಹುದಾದ ಶಕ್ತಿಯ ಮೆಟ್ಟಿಲು. ಗೆರೆ ಹುಟ್ಟಬೇಕಾದರೆ ಎರಡು ಮಟ್ಟ ಬೇಕು. ಎಲೆಕ್ಟ್ರಾನ್ ಮೂರರಿಂದ ಎರಡಕ್ಕೆ ಇಳಿದಾಗ, ಆ ಎರಡರ ನಡುವೆ ಎಷ್ಟು ಶಕ್ತಿಯ ಅಂತರ ಇದೆಯೋ ಅಷ್ಟು ಬೆಳಕಾಗಿ ಹೊರಬರುತ್ತದೆ. ನಮ್ಮ ಕಣ್ಣಿಗೆ ಮಟ್ಟಗಳು ಯಾವತ್ತೂ ಕಾಣುವುದಿಲ್ಲ, ಅಂತರಗಳು ಮಾತ್ರ ಕಾಣುತ್ತವೆ. ಈ ಒಂದು ಮಾತು ಗಟ್ಟಿಯಾದರೆ ಪಾಠದ ಮುಕ್ಕಾಲು ಭಾಗ ತಾನಾಗಿ ಬರುತ್ತದೆ. ಅದನ್ನು ಗಟ್ಟಿ ಮಾಡಲು ಕಣ್ಣಾರೆ ನೋಡುವುದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಹಾಗಾಗಿ ಮೊದಲು ಒಂದು ರೋಹಿತದರ್ಶಕ ಮಾಡೋಣ. ರೋಹಿತ ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಸಿಗುವ ಪಟ್ಟಿ. ಹಾಗೆ ಬಿಡಿಸಿ ತೋರಿಸುವ ಸಾಧನವೇ ರೋಹಿತದರ್ಶಕ.

ಬೇಕಾಗುವ ಸಾಮಾನು

ದೊಡ್ಡವರ ಶೂ ಬರುವ ರಟ್ಟಿನ ಡಬ್ಬ ಒಂದು. ಉದ್ದ 30 ಸೆಂಟಿಮೀಟರ್, ಅಗಲ 18 ಇದ್ದರೆ ಸರಿಹೋಗುತ್ತದೆ. ಒಂದು ಹಳೇ ಸಿಡಿ (ಡಿವಿಡಿ ಬೇಡ, ಕಾರಣ ಆಮೇಲೆ ಹೇಳುತ್ತೇನೆ). ಶೇವಿಂಗ್ ಬ್ಲೇಡ್ ಒಂದು, ಅಗಲವಾದ ಪ್ಯಾಕಿಂಗ್ ಟೇಪು, ಕರಿ ಇನ್ಸುಲೇಷನ್ ಟೇಪು, ಗ್ರಾಫ್ ಹಾಳೆ, ಕತ್ತರಿ, ಸ್ಕೇಲು, ಕ್ಯಾಲ್ಕುಲೇಟರ್. ಬೆಳಕಿಗೆ ಮನೆಯಲ್ಲಿ ಸಿಗುವುದೇ ಸಾಕು: ಹಳೇ ಟ್ಯೂಬ್‌ಲೈಟ್ ಅಥವಾ ಸಿಎಫ್‌ಎಲ್, ಎಲ್‌ಇಡಿ ಬಲ್ಬು, ಗ್ಯಾಸ್ ಒಲೆ.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಈ ಡಬ್ಬದಲ್ಲಿ ಸೂರ್ಯನನ್ನು ನೇರವಾಗಿ ನೋಡಲೇಬಾರದು. ಕಣ್ಣು ಹೋಗುತ್ತದೆ. ಸೂರ್ಯನ ಬೆಳಕು ಬೇಕಾದಾಗ ಏನು ಮಾಡಬೇಕು ಅನ್ನುವುದು ಮುಂದೆ ಬರುತ್ತದೆ.

ಹೆಜ್ಜೆ 1: ಡಬ್ಬ ಸಿದ್ಧ ಮಾಡುವುದು

ಸಿಡಿಯಿಂದ ಶುರು ಮಾಡಿ. ಹೆಸರು ಬರೆಯುವ ಮೇಲ್ಭಾಗದಲ್ಲಿ ಬ್ಲೇಡಿನ ತುದಿಯಿಂದ ಒಂದೆರಡು ಗೀರು ಎಳೆಯಿರಿ. ಗೀರಿನ ಮೇಲೆ ಪ್ಯಾಕಿಂಗ್ ಟೇಪ್ ಗಟ್ಟಿಯಾಗಿ ಉಜ್ಜಿ ಅಂಟಿಸಿ, ಒಂದೇ ಸಲಕ್ಕೆ ಎಳೆಯಿರಿ. ಬೆಳ್ಳಿ ಬಣ್ಣದ ಪದರ ಟೇಪಿನ ಜೊತೆ ಎದ್ದು ಬರುತ್ತದೆ. ಎಲ್ಲಾ ಕಡೆ ಹೀಗೆ ಮಾಡಿದರೆ ಕೈಯಲ್ಲಿ ಉಳಿಯುವುದು ಗಾಜಿನ ಹಾಗೆ ಪಾರದರ್ಶಕವಾದ ಪ್ಲಾಸ್ಟಿಕ್ ತಟ್ಟೆ. ಇದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸಾಲುಗಳಿವೆ. ಒಂದು ಸಾಲಿನಿಂದ ಇನ್ನೊಂದಕ್ಕೆ 1.6 ಮೈಕ್ರೋಮೀಟರ್, ಅಂದರೆ 1600 ನ್ಯಾನೋಮೀಟರ್ ದೂರ. ಒಂದು ಮಿಲಿಮೀಟರಿನಲ್ಲಿ 625 ಸಾಲು! ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಕೆಲಸ ಈ ಸಾಲುಗಳದ್ದು.

ತಟ್ಟೆಯ ಹೊರ ಅಂಚಿನ ಹತ್ತಿರ 2 ಸೆಂಟಿಮೀಟರಿನ ಚೌಕ ಕತ್ತರಿಸಿಕೊಳ್ಳಿ. ಅಂಚಿನ ಕಡೆ ಸಾಲುಗಳು ಹೆಚ್ಚುಕಡಿಮೆ ನೇರವಾಗಿರುತ್ತವೆ, ಅದಕ್ಕೆ. ಸಾಲು ಯಾವ ದಿಕ್ಕಿಗೆ ಓಡುತ್ತದೆ ಅಂತ ಪೆನ್ನಿನಲ್ಲಿ ಗುರುತು ಹಾಕಿಡಿ. ಮರೆತರೆ ಆಮೇಲೆ ಪರದಾಡಬೇಕಾಗುತ್ತದೆ.

ಈಗ ಸೀಳು. ಡಬ್ಬದ ಒಂದು ಚಿಕ್ಕ ಗೋಡೆಯಲ್ಲಿ, ಎಡ ಅಂಚಿನಿಂದ 3 ಸೆಂಟಿಮೀಟರ್ ಒಳಗೆ, ನಿಂತ ಆಯದ ಕಿಂಡಿ ಕೊರೆಯಿರಿ: 3 ಸೆಂಟಿಮೀಟರ್ ಎತ್ತರ, 1 ಸೆಂಟಿಮೀಟರ್ ಅಗಲ. ಎಡ ಅಂದರೆ ಡಬ್ಬದ ಒಳಗಿನಿಂದ ಆ ಗೋಡೆಯನ್ನು ನೋಡುವವರಿಗೆ ಎಡ. ಬ್ಲೇಡನ್ನು ಕಾಗದದಲ್ಲಿ ಸುತ್ತಿ ಉದ್ದಕ್ಕೆ ಎರಡಾಗಿ ಮುರಿಯಿರಿ. ಎರಡು ತುಂಡುಗಳ ಹರಿತದ ಅಂಚು ಎದುರುಬದುರು ಬರುವಂತೆ ಕಿಂಡಿಯ ಮೇಲೆ ಇಡಿ. ನಡುವೆ ನೋಟ್‌ಬುಕ್ ಹಾಳೆಯನ್ನು ಒಂದು ಮಡಿಕೆ ಮಡಿಸಿ ಇಟ್ಟು, ಎರಡೂ ಕಡೆಯಿಂದ ಬ್ಲೇಡನ್ನು ಒತ್ತಿ ಟೇಪ್ ಹಾಕಿ. ಆಮೇಲೆ ಕಾಗದ ಎಳೆದು ತೆಗೆಯಿರಿ. ಉಳಿಯುವ ಸಂದು ಸುಮಾರು 0.2 ಮಿಲಿಮೀಟರ್. ಎರಡು ಅಂಚೂ ಮೇಲಿನಿಂದ ಕೆಳಗಿನವರೆಗೆ ಸಮಾನಾಂತರವಾಗಿರಬೇಕು. ಬೆಳಕಿಗೆ ಹಿಡಿದು ನೋಡಿದರೆ ಒಂದೇ ದಪ್ಪದ ಬಿಳಿ ದಾರ ಇಳಿಬಿಟ್ಟ ಹಾಗೆ ಕಾಣಬೇಕು. ಇದಕ್ಕೆ ಆತುರ ಬೇಡ. ಇಡೀ ಸಾಧನದ ಜೀವ ಈ ಸೀಳಿನಲ್ಲೇ ಇದೆ.

ಸೀಳಿನ ಎದುರಿನ ಗೋಡೆಯಲ್ಲಿ, ಸೀಳಿಗೆ ಸರಿಯಾಗಿ ನೇರಕ್ಕೆ, ಕಣ್ಣಿಡಲು ಒಂದೂವರೆ ಸೆಂಟಿಮೀಟರಿನ ರಂಧ್ರ ಮಾಡಿ. ಅದರ ಮೇಲೆ ಸಿಡಿ ತುಂಡನ್ನು ಅಂಟಿಸಿ. ಸಿಡಿಯ ಸಾಲುಗಳು ಸೀಳಿನ ಹಾಗೇ ಮೇಲಿಂದ ಕೆಳಕ್ಕೆ ಓಡಬೇಕು.

ಕೊನೆಗೆ ಅಳತೆಪಟ್ಟಿ. ಸೀಳು ಇರುವ ಗೋಡೆಯಲ್ಲೇ, ಸೀಳಿನಿಂದ ಬಲಕ್ಕೆ 7ನೇ ಸೆಂಟಿಮೀಟರಿನಿಂದ 14ನೆಯದರವರೆಗೆ ಅಡ್ಡಕ್ಕೆ ಒಂದು ಕಿಂಡಿ ಕತ್ತರಿಸಿ. ಎತ್ತರ ಒಂದು ಸೆಂಟಿಮೀಟರ್ ಸಾಕು. ಅದು ಸೀಳಿನ ಕೆಳತುದಿಗಿಂತ ಸ್ವಲ್ಪ ಕೆಳಗಿರಲಿ. ಅದಕ್ಕೆ ಗ್ರಾಫ್ ಹಾಳೆಯ ಪಟ್ಟಿ ಅಂಟಿಸಿ, ಸೀಳಿನಿಂದ ಎಷ್ಟು ದೂರ ಅಂತ ಒಳಗಡೆಯಿಂದ ಓದಲು ಬರುವ ಹಾಗೆ ಸೆಂಟಿಮೀಟರ್ ಗುರುತು ಬರೆಯಿರಿ. ಹೊರಗಿನ ಬೆಳಕು ಹಾಳೆಯ ಮೂಲಕ ಬಂದು ಗುರುತುಗಳು ಕಾಣುತ್ತವೆ. ಮುಚ್ಚಳ ಹಾಕಿ, ಬೆಳಕು ನುಸುಳುವ ಸಂದುಗಳಿಗೆಲ್ಲ ಕರಿ ಟೇಪ್ ಹಾಕಿ.

ಹೆಜ್ಜೆ 2: ಸುಮ್ನೆ ನೋಡುವುದು

ಮೊದಲ ದಿನ ಅಳತೆ ಗಿಳತೆ ಏನೂ ಬೇಡ. ರಾತ್ರಿ ಟ್ಯೂಬ್‌ಲೈಟ್ ಹಾಕಿ, ಸೀಳನ್ನು ಅದರ ಕಡೆ ತಿರುಗಿಸಿ, ಸಿಡಿ ತುಂಡಿಗೆ ಕಣ್ಣು ಹಚ್ಚಿ. ನೇರಕ್ಕೆ ಬಿಳಿ ಸೀಳು ಕಾಣುತ್ತದೆ. ಈಗ ತಲೆ ಅಲ್ಲಾಡಿಸದೆ ಕಣ್ಣನ್ನು ಮಾತ್ರ ಬಲಕ್ಕೆ ಹೊರಳಿಸಿ.

ನಾನು ಮೊದಲ ಸಲ ನೋಡಿದಾಗ ಕಾಮನಬಿಲ್ಲಿನ ಹಾಗೆ ಒಂದು ಪಟ್ಟಿ ಕಾಣಬಹುದು ಅಂದುಕೊಂಡಿದ್ದೆ. ಮಸುಕಾಗಿ ಅದೂ ಇತ್ತು. ಆದರೆ ಅದರ ಮೇಲೆ ಒಂದು ಕಡು ನೀಲಿ-ನೇರಳೆ ಗೆರೆ, ಒಂದು ಹಸಿರು ಗೆರೆ, ಬ್ಲೇಡಿನಿಂದ ಕೊರೆದಷ್ಟು ಚೂಪಾಗಿ ನಿಂತಿದ್ದವು. ಉಸಿರು ಬಿಗಿಹಿಡಿದು ನೋಡಿದೆ. ಬಿಳಿ ಅಂತ ದಿನಾ ನೋಡುತ್ತಿದ್ದ ಬೆಳಕಿನ ಒಳಗೆ ಪಾದರಸದ ಪರಮಾಣು ಹೀಗೆ ರುಜು ಹಾಕಿ ಕೂತಿದೆ ಅಂತ ಗೊತ್ತೇ ಇರಲಿಲ್ಲ.

ಪ್ರತಿ ಗೆರೆಯೂ ಸೀಳಿನ ಚಿತ್ರ ಅನ್ನುವುದನ್ನು ಗಮನಿಸಿ. ಸೀಳು ಉದ್ದಕ್ಕಿದೆ, ಅದಕ್ಕೇ ಗೆರೆ ಉದ್ದಕ್ಕಿದೆ. ಒಂದೊಂದು ಬಣ್ಣಕ್ಕೆ ಸೀಳಿನ ಒಂದೊಂದು ಪ್ರತಿ. ಪರಮಾಣುವಿನಲ್ಲೇ ಎಲ್ಲೋ ಗೆರೆ ಆಕಾರದ್ದು ಇದೆ ಅಂದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ಸೀಳಿನ ಜಾಗದಲ್ಲಿ ಸೂಜಿಯಿಂದ ಚುಚ್ಚಿದ ತೂತು ಇಟ್ಟರೆ ಗೆರೆ ಬದಲು ಚುಕ್ಕೆಗಳು ಕಾಣುತ್ತವೆ. ಇದನ್ನು ಮಾಡಿ ತೋರಿಸಿದರೆ ಆ ಅನುಮಾನ ಅಲ್ಲಿಗೆ ಮುಗಿಯುತ್ತದೆ.

ಆಮೇಲೆ ಎಲ್‌ಇಡಿ ಬಲ್ಬಿಗೆ ಹಿಡಿಯಿರಿ. ಗೆರೆ ಇಲ್ಲ. ನೀಲಿಯಲ್ಲಿ ಒಂದು ದಟ್ಟ ಗುಡ್ಡೆ, ಪಕ್ಕದಲ್ಲಿ ಸ್ವಲ್ಪ ಮಂಕು, ಮತ್ತೆ ಹಸಿರಿನಿಂದ ಕೆಂಪಿನವರೆಗೆ ಹರಡಿದ ಬಣ್ಣ. ಎಲ್‌ಇಡಿಯಲ್ಲಿ ಬೆಳಕು ಕೊಡುವುದು ಬಿಡಿ ಪರಮಾಣು ಅಲ್ಲ, ಘನವಸ್ತು. ಅಲ್ಲಿ ಕೋಟಿಗಟ್ಟಲೆ ಪರಮಾಣುಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಮಟ್ಟಗಳು ಬೇರೆಬೇರೆಯಾಗಿ ನಿಲ್ಲದೆ ಪಟ್ಟಿಗಳಾಗಿ ಹರಡಿಬಿಡುತ್ತವೆ. ಚೂಪು ಗೆರೆ ಬೇಕಾದರೆ ಪರಮಾಣುಗಳು ಆವಿಯಾಗಿ ದೂರದೂರ ಇರಬೇಕು. ಟ್ಯೂಬ್‌ಲೈಟಿನಲ್ಲಿ ಪಾದರಸ ಹಾಗಿದೆ.

ಸಿಎಫ್‌ಎಲ್ ಸಿಕ್ಕರೆ ಅದನ್ನೂ ನೋಡಿ. ಅದರಲ್ಲಿ ಒಂದು ಚಂದದ ಕೆಂಪು ಗೆರೆ ಜಾಸ್ತಿ ಇರುತ್ತದೆ. ಒಳಗೋಡೆಗೆ ಬಳಿದ ಪುಡಿಯಲ್ಲಿರುವ ಯುರೋಪಿಯಂ ಅಯಾನಿನದ್ದು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನದ್ದು) ಅದು. ಪುಡಿ ಘನವಸ್ತು ಅಲ್ವಾ, ಮತ್ತೆ ಗೆರೆ ಹೇಗೆ ಅಂತ ಕೇಳಬಹುದು. ಯುರೋಪಿಯಂನಲ್ಲಿ ಈ ಬೆಳಕು ಕೊಡುವ ಎಲೆಕ್ಟ್ರಾನುಗಳು ಒಳಗಡೆಯ 4ಎಫ್ ಕಕ್ಷಕದಲ್ಲಿವೆ (ಕಕ್ಷಕ ಅಂದರೆ ಎಲೆಕ್ಟ್ರಾನ್ ಹೆಚ್ಚಾಗಿ ಇರುವ ಜಾಗ). ಹೊರಗಿನ ಎಲೆಕ್ಟ್ರಾನುಗಳು ಅವಕ್ಕೆ ಮರೆಯಾಗಿ ನಿಂತಿರುವುದರಿಂದ ಅಕ್ಕಪಕ್ಕದವರ ಗಲಾಟೆ ತಟ್ಟುವುದು ಕಡಿಮೆ.

ಹೆಜ್ಜೆ 3: ಗೆರೆಯ ತರಂಗದೂರ ಅಳೆಯುವುದು

ತರಂಗದೂರ ಅಂದರೆ ಬೆಳಕಿನ ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಇರುವ ದೂರ. ಒಂದೊಂದು ಬಣ್ಣಕ್ಕೂ ಅದು ಬೇರೆ. ಟ್ಯೂಬ್‌ಲೈಟಿನ ಹಸಿರು ಗೆರೆ ಅಳತೆಪಟ್ಟಿಯಲ್ಲಿ ಎಲ್ಲಿ ಬಿತ್ತು ನೋಡಿ. ನಿಮ್ಮ ಡಬ್ಬದ ಉದ್ದ ಸರಿಯಾಗಿ 30 ಸೆಂಟಿಮೀಟರ್ ಇದ್ದರೆ, ಅದು ಸೀಳಿನಿಂದ ಸುಮಾರು 10.9 ಸೆಂಟಿಮೀಟರಿನಲ್ಲಿ ಕಾಣಬೇಕು. ಲೆಕ್ಕ ಹೀಗೆ.

ಮೊದಲು ಸಿಡಿ ತುಂಡಿನಿಂದ ಆ ಗೆರೆಗೆ ಓರೆಯಾಗಿ ಎಷ್ಟು ದೂರ ಅಂತ ತೆಗೆಯಿರಿ. 10.9ರ ವರ್ಗ 118.8. 30ರ ವರ್ಗ 900. ಕೂಡಿದರೆ 1018.8, ಅದರ ವರ್ಗಮೂಲ 31.92. ಈಗ 10.9 ÷ 31.92 = 0.3415. ಇದನ್ನು ಸಾಲುಗಳ ನಡುವಿನ ದೂರ 1600ರಿಂದ ಗುಣಿಸಿ: 546 ನ್ಯಾನೋಮೀಟರ್. ಪಾದರಸದ ಹಸಿರು ಗೆರೆಯ ನಿಜವಾದ ತರಂಗದೂರ 546.1.

ನಿಮಗೆ ಇಷ್ಟು ಚೊಕ್ಕಟವಾಗಿ ಬರದಿದ್ದರೆ ಬೇಜಾರು ಬೇಡ. ಸಿಡಿ ಸ್ವಲ್ಪ ವಾರೆಯಾಗಿ ಅಂಟಿದ್ದರೂ ಎಂಟು ಹತ್ತು ನ್ಯಾನೋಮೀಟರ್ ಆಚೀಚೆ ಆಗುತ್ತದೆ. ಅದಕ್ಕೆ ಮದ್ದು ಇದೆ. ಗೊತ್ತಿರುವ ಗೆರೆಗಳನ್ನೇ ಮೈಲುಗಲ್ಲು ಮಾಡಿಕೊಳ್ಳಿ. ಪಾದರಸದ ನೀಲಿ-ನೇರಳೆ 435.8, ಹಸಿರು 546.1, ಸಿಎಫ್‌ಎಲ್‌ನ ಕೆಂಪು 611. ಈ ಮೂರು ನಿಮ್ಮ ಪಟ್ಟಿಯಲ್ಲಿ ಎಲ್ಲಿ ಬೀಳುತ್ತವೆಯೋ ಅಲ್ಲಿ ಗುರುತು ಹಾಕಿ. ಗ್ರಾಫ್ ಹಾಳೆಯಲ್ಲಿ ಒಂದು ಕಡೆ ಸೆಂಟಿಮೀಟರ್, ಇನ್ನೊಂದು ಕಡೆ ನ್ಯಾನೋಮೀಟರ್ ಇಟ್ಟು ಮೂರು ಚುಕ್ಕೆಗಳನ್ನು ಸೇರಿಸಿ. ಇನ್ನು ಮುಂದೆ ಯಾವ ಗೆರೆ ಕಂಡರೂ ಈ ಗ್ರಾಫಿನಿಂದಲೇ ಓದಬಹುದು. ವಾರೆ ಅಂಟಿದ ತಪ್ಪು ಅದರಲ್ಲೇ ಸರಿಹೋಗಿರುತ್ತದೆ.

ಡಿವಿಡಿ ಯಾಕೆ ಬೇಡ ಅಂದೆನಲ್ಲ. ಅದರ ಸಾಲುಗಳ ದೂರ 740 ನ್ಯಾನೋಮೀಟರ್ ಮಾತ್ರ. ಹಾಗಾಗಿ ಹಳದಿ ಬೆಳಕು 50 ಡಿಗ್ರಿಗಿಂತ ಜಾಸ್ತಿ ಬಾಗಿ ಡಬ್ಬದ ಪಕ್ಕದ ಗೋಡೆಗೆ ಹೋಗಿಬಿಡುತ್ತದೆ. ಸಿಡಿಯಲ್ಲಿ ಅದೇ ಹಳದಿ 22 ಡಿಗ್ರಿಗೆ ನಿಲ್ಲುತ್ತದೆ.

ಆ 435.8ರ ಗೆರೆಗೆ ನಮ್ಮಲ್ಲಿ ಇನ್ನೊಂದು ಮಹತ್ವ ಇದೆ. ಸರ್ ಸಿ. ವಿ. ರಾಮನ್ ತಮ್ಮ ಪ್ರಯೋಗಕ್ಕೆ ಬಳಸಿದ್ದು ಪಾದರಸದ ದೀಪದ ಇದೇ ಗೆರೆಯನ್ನು. ದ್ರವದ ಮೂಲಕ ಹಾಯ್ದು ಚದುರಿದ ಬೆಳಕಿನಲ್ಲಿ, ಈ ಗೆರೆಯ ಪಕ್ಕ ಹೊಸ ಮಸುಕು ಗೆರೆಗಳು ಹುಟ್ಟಿಕೊಂಡಿದ್ದವು. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಕೊಟ್ಟ ಭಾಷಣದಲ್ಲಿ ಅವರು ಅದನ್ನು ವಿವರವಾಗಿ ಹೇಳಿದರು. ನಿಮ್ಮ ಶೂ ಡಬ್ಬದಲ್ಲಿ ಕಾಣುತ್ತಿರುವ ನೀಲಿ ಗೆರೆ ಅದೇ.

ಹೆಜ್ಜೆ 4: ತರಂಗದೂರದಿಂದ ಶಕ್ತಿಗೆ

ಇಲ್ಲಿ ನೆನಪಿಡಬೇಕಾದ ಸಂಖ್ಯೆ ಒಂದೇ: 1240. ಅದನ್ನು ತರಂಗದೂರದಿಂದ ಭಾಗಿಸಿದರೆ ಒಂದು ಫೋಟಾನಿನ (ಬೆಳಕಿನ ಒಂದು ಕಣದ) ಶಕ್ತಿ ಎಲೆಕ್ಟ್ರಾನ್ ವೋಲ್ಟ್ ಅನ್ನುವ ಪುಟ್ಟ ಅಳತೆಯ ಲೆಕ್ಕದಲ್ಲಿ ಸಿಗುತ್ತದೆ. ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗದಿಂದ ಗುಣಿಸಿ, ಈ ಅಳತೆಗಳಿಗೆ ಬದಲಿಸಿದಾಗ ಬರುವ ಸಂಖ್ಯೆ ಅದು. ಹಸಿರು ಗೆರೆಗೆ 1240 ÷ 546.1 = 2.27 ಎಲೆಕ್ಟ್ರಾನ್ ವೋಲ್ಟ್. ಅಂದರೆ ಪಾದರಸದ ಪರಮಾಣುವಿನಲ್ಲಿ 2.27ರಷ್ಟು ಅಂತರ ಇರುವ ಎರಡು ಮಟ್ಟಗಳಿವೆ. ಅವು ಯಾವ ಮಟ್ಟಗಳು ಅಂತ ಈ ಒಂದು ಗೆರೆ ಹೇಳುವುದಿಲ್ಲ. ಅಂತರ ಮಾತ್ರ ಹೇಳುತ್ತದೆ.

ಪರೀಕ್ಷೆಯಲ್ಲಿ ಜೂಲ್‌ನಲ್ಲಿ ಕೇಳಿದರೆ 1.602 × 10⁻¹⁹ರಿಂದ ಗುಣಿಸಿ ಸಾಕು.

ಹೆಜ್ಜೆ 5: ಗೆರೆಗಳಿಂದ ಏಣಿ ಕಟ್ಟುವುದು

ಈಗ ಪಾಠದ ಹೃದಯಕ್ಕೆ ಬಂದೆವು. ಇಲ್ಲಿ ಸ್ವಲ್ಪ ಹೊತ್ತು ಕೂರಿ.

ಹೈಡ್ರೋಜನ್ ದೀಪ ಮನೆಯಲ್ಲಿ ಸಿಗುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಡಿಸ್ಚಾರ್ಜ್ ಟ್ಯೂಬ್ (ಅನಿಲ ತುಂಬಿ ವಿದ್ಯುತ್ ಹಾಯಿಸುವ ಗಾಜಿನ ಕೊಳವೆ) ಇದ್ದರೆ ಮೇಷ್ಟ್ರನ್ನು ಕೇಳಿ, ನಿಮ್ಮ ಡಬ್ಬ ತೆಗೆದುಕೊಂಡು ಹೋಗಿ. ಕೊಳವೆಗೆ ಹೆಚ್ಚಿನ ವೋಲ್ಟೇಜ್ ಬೇಕು, ಅದನ್ನು ನೀವಾಗಿ ಮುಟ್ಟಬೇಡಿ. ಕಾಣುವ ಗೆರೆಗಳು ನಾಲ್ಕು: ಕೆಂಪು 656.3, ಹಸಿರು-ನೀಲಿ 486.1, ನೇರಳೆ 434.0, ಕಡು ನೇರಳೆ 410.2. ಕೊನೆಯದು ಎಲ್ಲರ ಕಣ್ಣಿಗೂ ಬೀಳುವುದಿಲ್ಲ.

ಈ ನಾಲ್ಕು ಸಂಖ್ಯೆಗಳ ಗಂಟನ್ನು ಮೊದಲು ಬಿಡಿಸಿದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಒಬ್ಬ ಶಾಲಾ ಮೇಷ್ಟ್ರು, ಯೋಹಾನ್ ಬಾಮರ್. ಅವರು ಪಾಠ ಮಾಡುತ್ತಿದ್ದದ್ದು ಹೆಣ್ಣುಮಕ್ಕಳ ಶಾಲೆಯಲ್ಲಿ. 1885ರಲ್ಲಿ, ಅರವತ್ತರ ವಯಸ್ಸಿನಲ್ಲಿ. ಪರಮಾಣುವಿನ ಒಳಗೆ ಎಲೆಕ್ಟ್ರಾನ್ ಇದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಬರೀ ಸಂಖ್ಯೆಗಳು. ಅವರು ಮಾಡಿದ್ದನ್ನು ನೀವೂ ಕ್ಯಾಲ್ಕುಲೇಟರ್ ಹಿಡಿದು ಮಾಡಿ. ನಾಲ್ಕೂ ತರಂಗದೂರಗಳನ್ನು 364.56ರಿಂದ ಭಾಗಿಸಿ. 1.800, 1.333, 1.190, 1.125 ಬರುತ್ತದೆ. ಭಿನ್ನರಾಶಿಯಲ್ಲಿ ಬರೆದರೆ 9/5, 4/3, 25/21, 9/8. ಏನೂ ಹೊಳೆಯುವುದಿಲ್ಲ. ಈಗ ಎರಡನೆಯದನ್ನು 16/12 ಅಂತ, ನಾಲ್ಕನೆಯದನ್ನು 36/32 ಅಂತ ಬರೆಯಿರಿ. 9/5, 16/12, 25/21, 36/32. ಮೇಲೆ 3, 4, 5, 6ರ ವರ್ಗಗಳು. ಕೆಳಗೆ ಅದೇ ವರ್ಗಗಳಿಂದ 4 ಕಳೆದದ್ದು. ಆ 4 ಅಂದರೆ 2ರ ವರ್ಗ. ನಾಲ್ಕೂ ಗೆರೆಗಳಲ್ಲಿ 2 ಹಾಗೇ ಇದೆ, ಇನ್ನೊಂದು ಸಂಖ್ಯೆ ಮಾತ್ರ ಏರುತ್ತಿದೆ. ಒಂದು ಗೆರೆಗೆ ಎರಡು ಸಂಖ್ಯೆ ಬೇಕು ಅನ್ನುವುದು ಇಲ್ಲೇ ಸಿಕ್ಕಿತು. ಕ್ಲಾಸಿನಲ್ಲಿ ಈ ಲೆಕ್ಕ ಮಾಡಿಸಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಆ ಎರಡು ಸಂಖ್ಯೆಗಳಿಗೆ ಅರ್ಥ ಕೊಟ್ಟವರು ಡೆನ್ಮಾರ್ಕಿನ ಭೌತವಿಜ್ಞಾನಿ ನೀಲ್ಸ್ ಬೋರ್, 1913ರಲ್ಲಿ. ಹೈಡ್ರೋಜನ್ನಿನ ಎಲೆಕ್ಟ್ರಾನ್ ಕೆಲವೇ ಕೆಲವು ಶಕ್ತಿಮಟ್ಟಗಳಲ್ಲಿ ಇರಬಹುದು ಅಂದರು. ಮಟ್ಟದ ಶಕ್ತಿ ಬೇಕಾದರೆ −13.6 ಅನ್ನು ಮಟ್ಟದ ಸಂಖ್ಯೆಯ ವರ್ಗದಿಂದ ಭಾಗಿಸಿ. ಒಂದು ಹಾಳೆ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಏಣಿ ಬರೆಯಿರಿ (ಸಂಖ್ಯೆಗಳು ಎಲೆಕ್ಟ್ರಾನ್ ವೋಲ್ಟಿನಲ್ಲಿ):

1ನೇ ಮಟ್ಟ: −13.6
2ನೇ ಮಟ್ಟ: −3.40
3ನೇ ಮಟ್ಟ: −1.51
4ನೇ ಮಟ್ಟ: −0.85
5ನೇ ಮಟ್ಟ: −0.54
6ನೇ ಮಟ್ಟ: −0.38

ಸೊನ್ನೆ ಅಂದರೆ ಎಲೆಕ್ಟ್ರಾನ್ ಬಿಡುಗಡೆ ಆಗಿಹೋಯಿತು ಅಂತ. ಮೈನಸ್ ಚಿಹ್ನೆ ನೋಡಿ ಗಾಬರಿ ಬೇಡ. ಬಾವಿಯ ಒಳಗೆ ಎಷ್ಟು ಆಳದಲ್ಲಿದೆ ಅನ್ನುವ ಲೆಕ್ಕ ಅದು. 1ನೇ ಮಟ್ಟದಲ್ಲಿರುವ ಎಲೆಕ್ಟ್ರಾನನ್ನು ಬಾವಿಯಿಂದ ಪೂರ್ತಿ ಮೇಲೆತ್ತಲು 13.6 ಬೇಕು.

ಏಣಿಯನ್ನು ಅಳತೆಗೆ ತಕ್ಕ ಹಾಗೆ ಬರೆಯಿರಿ, ಒಂದು ಎಲೆಕ್ಟ್ರಾನ್ ವೋಲ್ಟಿಗೆ ಒಂದು ಸೆಂಟಿಮೀಟರ್. ಮೇಲೆ ಹೋದ ಹಾಗೆ ಮೆಟ್ಟಿಲುಗಳು ಎಷ್ಟು ಒತ್ತೊತ್ತಾಗುತ್ತವೆ ಅಂತ ಆಗಲೇ ಗೊತ್ತಾಗುವುದು. ಮೆಟ್ಟಿಲುಗಳನ್ನು ಸಮ ದೂರದಲ್ಲಿ ಬರೆದ ಚಿತ್ರ ಕಣ್ಣಿಗೆ ಚಂದ, ಆದರೆ ದಾರಿ ತಪ್ಪಿಸುತ್ತದೆ.

ಈಗ ಕಳೆಯಿರಿ. 3ರಿಂದ 2ಕ್ಕೆ: 3.40 − 1.51 = 1.89. ತರಂಗದೂರ 1240 ÷ 1.89 = 656. ಕೆಂಪು ಗೆರೆ! 4ರಿಂದ 2ಕ್ಕೆ: 2.55, ಅಂದರೆ 486. 5ರಿಂದ 2ಕ್ಕೆ: 2.86, ಅಂದರೆ 434. 6ರಿಂದ 2ಕ್ಕೆ: 3.02, ಅಂದರೆ 410ರ ಹತ್ತಿರ. ನಾಲ್ಕೂ ಬಂದವು.

ಎಲ್ಲವೂ 2ಕ್ಕೇ ಯಾಕೆ ಇಳಿಯುತ್ತವೆ ಅಂತ ಮಕ್ಕಳು ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಬೇರೆ ಕಡೆಗೂ ಇಳಿಯುತ್ತವೆ, ನಮಗೆ ಕಾಣುವುದಿಲ್ಲ ಅಷ್ಟೆ. 2ರಿಂದ 1ಕ್ಕೆ ಇಳಿದರೆ ಅಂತರ 10.2, ತರಂಗದೂರ 121.6: ಅತಿನೇರಳೆ. 4ರಿಂದ 3ಕ್ಕೆ ಇಳಿದರೆ ಅಂತರ 0.66, ತರಂಗದೂರ 1875ರ ಸುಮಾರು: ಅವಕೆಂಪು. ಮನುಷ್ಯರ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700ರವರೆಗೆ. ಆ ಕಿಟಕಿಯೊಳಗೆ ಬೀಳುವುದು 2ಕ್ಕೆ ಇಳಿಯುವ ಗೆರೆಗಳು ಮಾತ್ರ. 1ಕ್ಕೆ ಇಳಿಯುವ ಗುಂಪಿಗೆ ಲೈಮನ್, 2ಕ್ಕೆ ಬಾಮರ್, 3ಕ್ಕೆ ಪಾಶನ್ ಅಂತ ಹೆಸರು. ಈಗ ಆ ಹೆಸರುಗಳು ನೆನಪಿನಲ್ಲಿ ಉಳಿಯುತ್ತವೆ.

ಇಲ್ಲೇ ಇನ್ನೊಂದು ಗೊಂದಲ. "4ನೇ ಮಟ್ಟದಿಂದ 1ಕ್ಕೆ ಬರುವಾಗ ಎಷ್ಟು ಗೆರೆ?" ಅಂದರೆ ಉತ್ತರ 6: 4→3, 4→2, 4→1, 3→2, 3→1, 2→1. ಒಂದೇ ಪರಮಾಣು ಆರನ್ನೂ ಒಟ್ಟಿಗೆ ಕೊಡುವುದಿಲ್ಲ. ಒಂದು ಸಲ ಇಳಿಯುವಾಗ ಹೆಚ್ಚೆಂದರೆ ಮೂರು ಫೋಟಾನ್ ಬಿಡಬಹುದು. ಕೊಳವೆಯಲ್ಲಿ ಲೆಕ್ಕವಿಲ್ಲದಷ್ಟು ಪರಮಾಣುಗಳಿವೆ. ಒಂದೊಂದೂ ಒಂದೊಂದು ದಾರಿ ಹಿಡಿಯುವುದರಿಂದ ಎಲ್ಲಾ ಗೆರೆ ಒಟ್ಟಿಗೆ ಕಾಣುತ್ತವೆ.

ಹೆಜ್ಜೆ 6: ಒಲೆಯ ಉರಿಯಲ್ಲಿ ಸೋಡಿಯಂ

ಮರದ ಐಸ್‌ಕ್ರೀಮ್ ಕಡ್ಡಿಯನ್ನು ಗಟ್ಟಿ ಉಪ್ಪುನೀರಿನಲ್ಲಿ ರಾತ್ರಿ ನೆನೆಸಿಡಿ. ಇನ್ನೊಂದನ್ನು ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ. ಮಾರನೇ ದಿನ ಕತ್ತಲು ಮಾಡಿಕೊಂಡು, ಗ್ಯಾಸ್ ಸಣ್ಣಗೆ ಇಟ್ಟು, ಒದ್ದೆ ಕಡ್ಡಿಯ ತುದಿಯನ್ನು ಉರಿಯ ಅಂಚಿಗೆ ಹಿಡಿಯಿರಿ. ಕಡ್ಡಿ ಹೊತ್ತಿಕೊಳ್ಳುವ ಮೊದಲೇ ತೆಗೆಯಿರಿ, ಪಕ್ಕದಲ್ಲಿ ನೀರಿನ ಬಟ್ಟಲು ಇರಲಿ. ಒಬ್ಬರು ಕಡ್ಡಿ ಹಿಡಿದರೆ ಇನ್ನೊಬ್ಬರು ಒಂದು ಮೀಟರ್ ದೂರದಿಂದ ಡಬ್ಬದಲ್ಲಿ ನೋಡಲಿ. ಡಬ್ಬ ರಟ್ಟಿನದ್ದು, ಉರಿಯ ಹತ್ತಿರ ತರಬೇಡಿ.

ಬರೀ ನೀಲಿ ಉರಿಯಲ್ಲಿ ಮಸುಕಾದ ಹಸಿರು, ನೀಲಿ ಪಟ್ಟೆಗಳಿರುತ್ತವೆ. ಇಂಗಾಲದ ಜೋಡಿ ಅಣುಗಳು, ಇಂಗಾಲ-ಹೈಡ್ರೋಜನ್ ತುಣುಕುಗಳು ಕೊಡುವ ಬೆಳಕು ಅದು. ಕಡ್ಡಿ ಹಿಡಿದ ತಕ್ಷಣ 589ರಲ್ಲಿ ಒಂದು ಹಳದಿ ಗೆರೆ ಥಟ್ಟನೆ ಏಳುತ್ತದೆ. 30 ಸೆಂಟಿಮೀಟರಿನ ಡಬ್ಬದಲ್ಲಿ ಅದು 11.9ರ ಹತ್ತಿರ. ಉಪ್ಪಿಗೂ ಸೋಡಾಕ್ಕೂ ಗೆರೆ ಅದೇ ಜಾಗದಲ್ಲಿ. ಎರಡರಲ್ಲೂ ಸಮಾನವಾಗಿ ಇರುವುದು ಸೋಡಿಯಂ ಒಂದೇ. ಹಾಗಾಗಿ ಗೆರೆ ಅದರದ್ದೇ ಅಂತ ನೀವೇ ತೀರ್ಮಾನ ಮಾಡಬಹುದು. ಜರ್ಮನಿಯ ಬುನ್ಸೆನ್ ಮತ್ತು ಕಿರ್ಖಾಫ್ ಇದೇ ದಾರಿಯಲ್ಲಿ ಹೋಗಿ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಅನ್ನುವ ಹೊಸ ಧಾತುಗಳನ್ನೇ ಕಂಡುಹಿಡಿದರು.

1240 ÷ 589 = 2.1 ಎಲೆಕ್ಟ್ರಾನ್ ವೋಲ್ಟ್. ಸೋಡಿಯಂನ ಹೊರಗಿನ ಎಲೆಕ್ಟ್ರಾನ್ 3ಪಿ ಕಕ್ಷಕದಿಂದ 3ಎಸ್‌ಗೆ ಇಳಿಯುವ ಅಂತರ ಇದು. ಹೈಡ್ರೋಜನ್ನಿನಲ್ಲಿ 3ಎಸ್, 3ಪಿ ಎರಡೂ ಹೆಚ್ಚುಕಡಿಮೆ ಒಂದೇ ಶಕ್ತಿಯಲ್ಲಿರುತ್ತವೆ. ಸೋಡಿಯಂನಲ್ಲಿ ಒಳಗೆ ಇನ್ನೂ ಹತ್ತು ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿಗೆ (ಪರಮಾಣುವಿನ ನಡುವಿನ ಬೀಜಕ್ಕೆ) ಅಡ್ಡ ನಿಂತಿವೆ. 3ಎಸ್‌ನಲ್ಲಿರುವ ಎಲೆಕ್ಟ್ರಾನ್ ಆ ಗುಂಪಿನೊಳಗೆ ನುಸುಳಿ ನ್ಯೂಕ್ಲಿಯಸ್ಸಿನ ಹತ್ತಿರ ಕಾಣಿಸಿಕೊಳ್ಳುವುದು ಜಾಸ್ತಿ, ಅದಕ್ಕೇ ಅದು ಆಳದಲ್ಲಿದೆ. 3ಪಿ ಅಷ್ಟು ನುಸುಳುವುದಿಲ್ಲ, ಮೇಲೆ ಉಳಿಯುತ್ತದೆ. ಬೋರ್ ಅವರ ಸರಳ ಏಣಿ ಇಲ್ಲಿ ಸಾಲದು. ಒಂದಕ್ಕಿಂತ ಜಾಸ್ತಿ ಎಲೆಕ್ಟ್ರಾನ್ ಇರುವ ಪರಮಾಣುವಿಗೆ ಮಟ್ಟದ ಸಂಖ್ಯೆಯ ಜೊತೆ ಕಕ್ಷಕದ ಆಕಾರವೂ ಬೇಕು. ಎಸ್, ಪಿ, ಡಿ, ಎಫ್ ಅಂತ ಓದುವುದು ಇದಕ್ಕೇ.

ಸುಮಾರು 2000 ಡಿಗ್ರಿಯ ಉರಿಯಲ್ಲೂ ಯಾವುದೇ ಒಂದು ಕ್ಷಣಕ್ಕೆ 3ಪಿಗೆ ಏರಿರುವುದು ಲಕ್ಷ ಪರಮಾಣುಗಳಲ್ಲಿ ಕೆಲವೇ ಕೆಲವು. ಆದರೂ ಇಷ್ಟು ಬೆಳಕು ಹೇಗೆ? ಏರಿದ್ದು ಸರಾಸರಿ 16 ನ್ಯಾನೋಸೆಕೆಂಡಿನಲ್ಲಿ ಇಳಿದುಬಿಡುತ್ತದೆ, ಮತ್ತೆ ಇನ್ನೊಂದು ಏರುತ್ತದೆ. ಈ ಏರಿಳಿತ ಒಂದು ಕ್ಷಣವೂ ನಿಲ್ಲುವುದಿಲ್ಲ.

ಮೈಲುತುತ್ತದ ಹಸಿರು ಉರಿಯನ್ನೂ ನೋಡುವ ಆಸೆ ಆಗುತ್ತದೆ. ಅಡಿಕೆ ತೋಟ ಇರುವ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆ ತಂದದ್ದು ಇರುತ್ತದಲ್ಲ. ಅದು ವಿಷ. ಅಡುಗೆಮನೆಗೆ ತರಲೇಬೇಡಿ. ಕಾಲೇಜಿನ ಲ್ಯಾಬಿನಲ್ಲಿ, ಬರ್ನರ್ ಮೇಲೆ ನೋಡಿ. ಅಲ್ಲಿ ಚೂಪು ಗೆರೆಯ ಬದಲು ಅಗಲವಾದ ಪಟ್ಟೆಗಳು ಕಾಣುತ್ತವೆ. ಆ ಹಸಿರಿನ ಬಹುಪಾಲು ತಾಮ್ರದ ಬಿಡಿ ಪರಮಾಣುವಿನದ್ದಲ್ಲ, ಉರಿಯಲ್ಲಿ ಹುಟ್ಟುವ ತಾಮ್ರದ ಅಣುಗಳದ್ದು. ಅಣು ನಡುಗುತ್ತದೆ, ತಿರುಗುತ್ತದೆ. ಆ ನಡುಕ ತಿರುಗಾಟಕ್ಕೂ ಶಕ್ತಿಮಟ್ಟಗಳಿರುವುದರಿಂದ ಒಂದು ಗೆರೆಯ ಜಾಗದಲ್ಲಿ ನೂರಾರು ಗೆರೆಗಳು ಒತ್ತಿಕೊಂಡು ಪಟ್ಟೆಯಾಗುತ್ತವೆ.

ಹೆಜ್ಜೆ 7: ಕಪ್ಪು ಗೆರೆ

ಬಿಸಿಲಿನಲ್ಲಿ ಒಂದು ಬಿಳಿ ಹಾಳೆ ಇಟ್ಟು, ಆ ಹಾಳೆಯ ಕಡೆ ಸೀಳು ತಿರುಗಿಸಿ. ಸೂರ್ಯನ ಕಡೆ ಅಲ್ಲ. ಕೆಂಪಿನಿಂದ ನೇರಳೆವರೆಗೆ ತುಂಬಿದ ಪಟ್ಟಿ ಕಾಣುತ್ತದೆ. ಸೀಳು ಸಾಕಷ್ಟು ಕಿರಿದಾಗಿದ್ದರೆ, ತಾಳ್ಮೆಯಿಂದ ನೋಡಿದರೆ, ಅಲ್ಲಲ್ಲಿ ಕೂದಲೆಳೆಯಂಥ ಕಪ್ಪು ಗೆರೆಗಳು ಸಿಗುತ್ತವೆ. 486ರಲ್ಲಿ, 589ರಲ್ಲಿ, 656ರಲ್ಲಿ ಹುಡುಕಿ. ಮೊದಲನೆಯದು, ಕೊನೆಯದು ಹೈಡ್ರೋಜನ್. ನಡುವಿನದು ನಿಮ್ಮ ಒಲೆಯ ಸೋಡಿಯಂ. ಫ್ರಾನ್‌ಹೋಫರ್ 1814ರಲ್ಲಿ ಇಂಥ ನೂರಾರು ಗೆರೆಗಳನ್ನು ಪಟ್ಟಿ ಮಾಡಿದ್ದರು.

ಇಳಿಯುವಾಗ ಯಾವ ಅಂತರದ ಬೆಳಕನ್ನು ಬಿಡುತ್ತದೋ, ಏರುವಾಗ ಅದೇ ಅಂತರದ ಬೆಳಕನ್ನು ಪರಮಾಣು ನುಂಗುತ್ತದೆ. ಸೂರ್ಯನ ಹೊರಪದರದ ಪರಮಾಣುಗಳು ಒಳಗಿನಿಂದ ಬರುವ ಬೆಳಕಿನಲ್ಲಿ ತಮಗೆ ಬೇಕಾದದ್ದನ್ನು ಮಾತ್ರ ಹೆಕ್ಕಿಕೊಳ್ಳುತ್ತವೆ. ಆಮೇಲೆ ಅದನ್ನು ವಾಪಸ್ ಬಿಟ್ಟರೂ ಎಲ್ಲಾ ದಿಕ್ಕಿಗೆ ಚದುರಿಹೋಗುವುದರಿಂದ ನಮ್ಮ ಕಡೆಗೆ ಬರುವುದು ಕಡಿಮೆಯಾಗುತ್ತದೆ. ಲ್ಯಾಬಿನಲ್ಲಿ ಸೋಡಿಯಂ ದೀಪ ಇದ್ದರೆ, ಅದರ ಮುಂದೆ ಉಪ್ಪು ಹಾಕಿದ ಸ್ಪಿರಿಟ್ ದೀಪದ ಉರಿ ಇಟ್ಟು ನೋಡಿ. ಹಳದಿಯಾಗಿ ಉರಿಯುತ್ತಿರುವ ಉರಿಯೇ ಗೋಡೆಯ ಮೇಲೆ ನೆರಳು ಬೀಳಿಸುತ್ತದೆ!

ನಿಮ್ಮ ಡಬ್ಬಕ್ಕೆ ಎಷ್ಟು ಕಾಣುತ್ತದೆ

ಸೋಡಿಯಂನ ಹಳದಿ ನಿಜಕ್ಕೂ ಎರಡು ಗೆರೆ: 589.0 ಮತ್ತು 589.6. ಎಲೆಕ್ಟ್ರಾನಿಗೆ ಸಹಜವಾಗಿ ಇರುವ, ತಿರುಗಾಟದಂಥ ಸ್ಪಿನ್ ಅನ್ನುವ ಗುಣದಿಂದಾಗಿ 3ಪಿ ಮಟ್ಟ ಎರಡಾಗಿ ಸೀಳಿದೆ. ಅವುಗಳ ನಡುವೆ 0.002 ಎಲೆಕ್ಟ್ರಾನ್ ವೋಲ್ಟ್ ಅಂತರ. ನಿಮ್ಮ ಡಬ್ಬದಲ್ಲಿ ಒಂದೇ ಗೆರೆ ಕಂಡಿರುತ್ತದೆ. 30 ಸೆಂಟಿಮೀಟರಿನ ಡಬ್ಬದಲ್ಲಿ, ಹಳದಿಯ ಹತ್ತಿರ, ಒಂದು ನ್ಯಾನೋಮೀಟರಿಗೆ ಸಿಗುವ ಜಾಗ 0.23 ಮಿಲಿಮೀಟರ್. ಎರಡು ಗೆರೆಗಳ ನಡುವೆ 0.14 ಮಿಲಿಮೀಟರ್ ಮಾತ್ರ. ಸೀಳಿನ ಅಗಲವೇ 0.2. ಒಂದರ ಮೇಲೊಂದು ಕೂತುಬಿಡುತ್ತವೆ.

ಇಷ್ಟು ಸಣ್ಣ ದೂರ ಎಷ್ಟು ದೊಡ್ಡ ವಿಷಯ ಆಗಬಹುದು ಅನ್ನುವುದಕ್ಕೆ 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ನೆನಪಾಗುತ್ತದೆ. ಅದರ ನೆರಳು ನಮ್ಮ ವಿಜಯಪುರ, ಜಮಖಂಡಿ ಕಡೆಯಿಂದ ಹಾದು ಗುಂಟೂರಿನತ್ತ ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ರೋಹಿತದರ್ಶಕ ಹಿಡಿದು ಕಾದಿದ್ದರು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಯ ಬೆಳಕಿನಲ್ಲಿ ಹರ್ಷೆಲ್ ಅವರಿಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ನಡುವಿನದು ಸೋಡಿಯಂನದ್ದೇ ಇರಬೇಕು ಅಂದುಕೊಂಡರು. ಅದು ಸೋಡಿಯಂನ ಜಾಗದಲ್ಲಿ ಸರಿಯಾಗಿ ಕೂರುತ್ತಿಲ್ಲ ಅಂತ ಆಮೇಲೆ ಗೊತ್ತಾಯಿತು. ಭೂಮಿಯ ಮೇಲೆ ಆವರೆಗೆ ಯಾರೂ ಕಾಣದ ಹೀಲಿಯಂ ಧಾತುವಿನ ಗೆರೆ ಅದು, 587.6. ಅದನ್ನು ಇಲ್ಲಿ, ಭೂಮಿಯಲ್ಲೇ ಸಿಕ್ಕ ಒಂದು ಯುರೇನಿಯಂ ಖನಿಜದಲ್ಲಿ ಬ್ರಿಟನ್ನಿನ ರಸಾಯನವಿಜ್ಞಾನಿ ರಾಮ್ಸೆ ಹಿಡಿದದ್ದು 1895ರಲ್ಲಿ. ನಿಮ್ಮ ಅಳತೆಪಟ್ಟಿಯ ಮೇಲೆ ಹೀಲಿಯಂನ ಆ ಗೆರೆಗೂ ಸೋಡಿಯಂನ ಹತ್ತಿರದ ಗೆರೆಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ.